ಕಸ್ಟಮ್ಸ್ ಪಟ್ಟಿಯಲ್ಲಿ ಕಾಣೆಯಾದ ದೇಶ: ಲಿಥುವೇನಿಯಾ, ಚೀನಾ ಮತ್ತು ಐರೋಪ್ಯ ಒಕ್ಕೂಟ

ಬೇರೆ ದೇಶದಿಂದ ಬಂದ ಸರಕನ್ನು ಚೀನಾದ ಬಂದರಿನಲ್ಲಿ ಬಿಡಿಸಿಕೊಳ್ಳಬೇಕಾದರೆ ಏಜೆಂಟರು ಕಂಪ್ಯೂಟರಿನಲ್ಲಿ ಕಸ್ಟಮ್ಸ್ ಫಾರಂ ತುಂಬಬೇಕು. ಸರಕು ಯಾವ ದೇಶದ್ದು ಎಂಬ ಕಾಲಂನಲ್ಲಿ ಪಟ್ಟಿಯಿಂದ ಒಂದು ಹೆಸರು ಆರಿಸಬೇಕು. 2021ರ ಡಿಸೆಂಬರ್ ಆರಂಭದಲ್ಲಿ ಆ ಪಟ್ಟಿಯಿಂದ ಲಿಥುವೇನಿಯಾದ ಹೆಸರು ಮಾಯವಾಯಿತು. ಹೆಸರು ಸಿಗದಿದ್ದರೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಫಾರಂ ಹೋಗದಿದ್ದರೆ ಕಂಟೇನರ್ ಕದಲುವುದಿಲ್ಲ.

ಚೀನಾ ಸರ್ಕಾರ ಯಾವ ಆದೇಶವನ್ನೂ ಹೊರಡಿಸಿರಲಿಲ್ಲ. ನಿಷೇಧ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೆಲವು ದಿನಗಳಲ್ಲಿ ಹೆಸರು ಪಟ್ಟಿಗೆ ಮರಳಿತು ಎಂಬ ಸುದ್ದಿಯೂ ಬಂತು. ಸರಕು ಮಾತ್ರ ನಿಂತಲ್ಲೇ ನಿಂತಿತ್ತು. ಚೀನಾ ತನ್ನದೆನ್ನುವ ತೈವಾನ್‌ಗೆ, ಅದರ ಹೆಸರಿನಲ್ಲೇ, ರಾಜಧಾನಿ ವಿಲ್ನಿಯಸ್‌ನಲ್ಲಿ ಕಚೇರಿ ತೆರೆಯಲು ಲಿಥುವೇನಿಯಾ ಒಪ್ಪಿದ್ದೇ ಇದರ ಹಿನ್ನೆಲೆ.

ಲಿಥುವೇನಿಯಾ ಬಾಲ್ಟಿಕ್ ತೀರದ ಸಣ್ಣ ದೇಶ. ಜನಸಂಖ್ಯೆ ಸುಮಾರು 28 ಲಕ್ಷ. ಅದರ ಒಟ್ಟು ರಫ್ತಿನಲ್ಲಿ ನೇರವಾಗಿ ಚೀನಾಕ್ಕೆ ಹೋಗುತ್ತಿದ್ದದ್ದು ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು. ಇಷ್ಟು ಚಿಕ್ಕ ವ್ಯಾಪಾರ ನಿಂತರೆ ಯಾರಿಗೇನು ನಷ್ಟ ಅನ್ನಿಸಬಹುದು. ಆದರೆ ಲಿಥುವೇನಿಯಾ 27 ದೇಶಗಳ ಐರೋಪ್ಯ ಒಕ್ಕೂಟದ ಸದಸ್ಯ. ಒಕ್ಕೂಟಕ್ಕೂ ಚೀನಾಕ್ಕೂ ಇರುವ ಸಂಬಂಧ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಈ ಪ್ರಕರಣದಲ್ಲಿ ಕಂಡಷ್ಟು ಚೆನ್ನಾಗಿ ಯಾವ ಶೃಂಗಸಭೆಯಲ್ಲೂ ಕಂಡಿಲ್ಲ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ವ್ಯಾಪಾರಕ್ಕೆ ಒಂದೇ ದನಿ, ವಿದೇಶಾಂಗಕ್ಕೆ 27

ಮೊದಲು ಒಕ್ಕೂಟದ ಒಳಗಿನ ವ್ಯವಸ್ಥೆ ಅರ್ಥವಾಗಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದು ಕಷ್ಟ.

ಒಕ್ಕೂಟದ ಹೊರಗಿನ ದೇಶಗಳ ಜೊತೆಗಿನ ವ್ಯಾಪಾರ ನೀತಿ ಪೂರ್ತಿಯಾಗಿ ಒಕ್ಕೂಟದ ಕೈಯಲ್ಲಿದೆ. ಸುಂಕ ಎಷ್ಟು, ಒಪ್ಪಂದ ಯಾರ ಜೊತೆ ಎಂಬುದನ್ನೆಲ್ಲ ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಆಯೋಗ 27 ದೇಶಗಳ ಪರವಾಗಿ ಮಾತಾಡಿ ಮುಗಿಸುತ್ತದೆ. ಜರ್ಮನಿಯಾಗಲಿ ಲಿಥುವೇನಿಯಾ ಆಗಲಿ ಚೀನಾ ಜೊತೆ ಪ್ರತ್ಯೇಕ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ವಿದೇಶಾಂಗ ನೀತಿಯ ಕಥೆ ಬೇರೆ. ಅಲ್ಲಿ ಪ್ರತಿ ದೇಶಕ್ಕೂ ತನ್ನದೇ ದಾರಿ ಇದೆ. ಒಕ್ಕೂಟದ ಹೆಸರಿನಲ್ಲಿ ಒಂದು ಹೇಳಿಕೆ ಕೊಡಬೇಕಾದರೂ ಎಲ್ಲರೂ ಒಪ್ಪಬೇಕು. 2017ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಚೀನಾವನ್ನು ಟೀಕಿಸುವ ಒಕ್ಕೂಟದ ಹೇಳಿಕೆಯನ್ನು ಗ್ರೀಸ್ ತಡೆಯಿತು. 2021ರಲ್ಲಿ ಹಾಂಗ್‌ಕಾಂಗ್ ಬಗೆಗಿನ ಹೇಳಿಕೆಯನ್ನು ಹಂಗೇರಿ ತಡೆಯಿತು. ಒಂದು ದೇಶ ಬೇಡ ಎಂದರೆ ಸಾಕು, ಉಳಿದ 26 ದೇಶಗಳು ಸುಮ್ಮನಿರಬೇಕು.

ಚೀನಾ ಇದನ್ನು ಬಹಳ ಮುಂಚೆಯೇ ಗಮನಿಸಿತ್ತು. 2012ರಲ್ಲಿ ವಾರ್ಸಾದಲ್ಲಿ ಅದು ಮಧ್ಯ ಮತ್ತು ಪೂರ್ವ ಯುರೋಪಿನ 16 ದೇಶಗಳನ್ನು ಸೇರಿಸಿ ಒಂದು ವೇದಿಕೆ ಕಟ್ಟಿತು. 2019ರಲ್ಲಿ ಗ್ರೀಸ್ ಸೇರಿದ ಮೇಲೆ ಅದು ‘17+1’ ಆಯಿತು, ಆ ಒಂದು ಅಂದರೆ ಚೀನಾ. ಇವುಗಳಲ್ಲಿ ಹೆಚ್ಚಿನವು ಒಕ್ಕೂಟದ ಸದಸ್ಯರೇ. ಹೊಸ ಹೂಡಿಕೆ, ಹೊಸ ರೈಲು ಮಾರ್ಗ, ಹೊಸ ಮಾರುಕಟ್ಟೆ ಎಂಬ ಮಾತುಗಳು ಬಂದವು. ಲಿಥುವೇನಿಯಾ ಕೂಡ ಅಲ್ಲಿತ್ತು. ಅದರ ಕ್ಲೈಪೆಡಾ ಬಂದರಿಗೆ ಚೀನಾದ ಹಣ ಬರಬಹುದು ಎಂಬ ಚರ್ಚೆ ಬಹಳ ಕಾಲ ನಡೆಯಿತು.

2019ರ ಮಾರ್ಚ್‌ನಲ್ಲಿ ಐರೋಪ್ಯ ಆಯೋಗ ಚೀನಾ ಬಗ್ಗೆ ಒಂದು ದಾಖಲೆ ಹೊರತಂದಿತು. ಅದರಲ್ಲಿ ಚೀನಾ ಒಂದೇ ಸಲಕ್ಕೆ ಮೂರು ಆಗಿತ್ತು: ಸಹಭಾಗಿ, ಆರ್ಥಿಕ ಸ್ಪರ್ಧಿ, ಮತ್ತು ಬೇರೆಯೇ ಆಡಳಿತ ಮಾದರಿಯನ್ನು ಮುಂದಿಡುತ್ತಿರುವ ಪ್ರತಿಸ್ಪರ್ಧಿ. ಕೇಳಲು ಚೆನ್ನಾಗಿದೆ. ಆದರೆ ಒಂದು ದಿನ ಈ ಮೂರರಲ್ಲಿ ಯಾವುದನ್ನು ಆರಿಸುತ್ತೀರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅಲ್ವಾ? ಕೇಳಿದ್ದು ಲಿಥುವೇನಿಯಾ. ಬೇಕೆಂದೇ ಕೇಳಿತು ಎನ್ನಲಾರೆ, ಆದರೆ ಅದರ ನಡೆ ಆ ಪ್ರಶ್ನೆಯನ್ನು ತಂದು ಎದುರಿಗಿಟ್ಟಿತು.

ವಿಲ್ನಿಯಸ್‌ನ ನೆನಪುಗಳು

ಒತ್ತಡ ಎಂದರೇನು ಎಂಬುದು ಲಿಥುವೇನಿಯಾದವರಿಗೆ ಪುಸ್ತಕ ಓದಿ ಗೊತ್ತಾದ ವಿಷಯವಲ್ಲ. 1989ರ ಆಗಸ್ಟ್ 23ರಂದು ವಿಲ್ನಿಯಸ್‌ನಿಂದ ಟಾಲಿನ್‌ವರೆಗೆ, 600 ಕಿಲೋಮೀಟರಿಗೂ ಜಾಸ್ತಿ ದೂರ, ಮೂರು ಬಾಲ್ಟಿಕ್ ದೇಶಗಳ ಜನ ಕೈಕೈ ಹಿಡಿದು ನಿಂತರು. 1990ರ ಮಾರ್ಚ್ 11ರಂದು ಲಿಥುವೇನಿಯಾ ಸೋವಿಯತ್ ಒಕ್ಕೂಟದಿಂದ ಸ್ವಾತಂತ್ರ್ಯ ಘೋಷಿಸಿತು. ಮುಂದಿನ ತಿಂಗಳೇ ಮಾಸ್ಕೋ ಆರ್ಥಿಕ ದಿಗ್ಬಂಧನ ಹಾಕಿತು. ಮಜೈಕಿಯೈ ಸಂಸ್ಕರಣಾಗಾರಕ್ಕೆ ಬರುತ್ತಿದ್ದ ಕಚ್ಚಾ ತೈಲ ನಿಂತಿತು. ಪೆಟ್ರೋಲ್‌ಗೆ ರೇಷನ್ ಬಂತು. ಅದು ಎರಡು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. 1991ರ ಜನವರಿಯಲ್ಲಿ ವಿಲ್ನಿಯಸ್‌ನ ಟಿವಿ ಟವರ್ ಬಳಿ ಸೋವಿಯತ್ ಸೇನೆಯ ದಾಳಿಯಲ್ಲಿ ಜನ ಸತ್ತರು. ಆ ದಿನಗಳಲ್ಲಿ ದೇಶದ ಚುಕ್ಕಾಣಿ ಹಿಡಿದಿದ್ದವರು ವೈಟೌಟಸ್ ಲ್ಯಾಂಡ್ಸ್‌ಬರ್ಗಿಸ್. 2021ರಲ್ಲಿ ವಿದೇಶಾಂಗ ಸಚಿವರಾಗಿದ್ದ ಗ್ಯಾಬ್ರಿಯೆಲಿಯಸ್ ಲ್ಯಾಂಡ್ಸ್‌ಬರ್ಗಿಸ್ ಅವರ ಮೊಮ್ಮಗ.

2019ರ ಆಗಸ್ಟ್‌ನಲ್ಲಿ, ಆ ಮಾನವ ಸರಪಳಿಯ 30ನೇ ವರ್ಷದ ಹೊತ್ತಿಗೆ, ವಿಲ್ನಿಯಸ್‌ನ ಕೆಥೆಡ್ರಲ್ ಚೌಕದಲ್ಲಿ ಹಾಂಗ್‌ಕಾಂಗ್ ಪ್ರತಿಭಟನೆಗೆ ಬೆಂಬಲವಾಗಿ ಜನ ಸೇರಿದರು. ಅಲ್ಲಿಗೆ ಚೀನಾ ಪರ ಗುಂಪೂ ಬಂತು, ತಳ್ಳಾಟವಾಯಿತು. ಚೀನಾದ ರಾಜತಾಂತ್ರಿಕರ ನಡವಳಿಕೆ ಬಗ್ಗೆ ಲಿಥುವೇನಿಯಾ ಅಧಿಕೃತವಾಗಿ ಆಕ್ಷೇಪಣೆ ಸಲ್ಲಿಸಿತು. 2020ರ ಅಕ್ಟೋಬರ್ ಚುನಾವಣೆಯ ನಂತರ ಇಂಗ್ರಿಡಾ ಶಿಮೊನೀಟೆ ಪ್ರಧಾನಿಯಾದರು. ಬೆಲಾರುಸ್‌ನಿಂದ ತೈವಾನ್‌ವರೆಗೆ ಸ್ವಾತಂತ್ರ್ಯಕ್ಕೆ ಹೋರಾಡುವವರ ಜೊತೆ ನಿಲ್ಲುತ್ತೇವೆ ಎಂಬ ಮಾತು ಅವರ ಮೈತ್ರಿಕೂಟದ ಒಪ್ಪಂದದಲ್ಲೇ ಇತ್ತು.

ಆಮೇಲಿನದು ಬೇಗ ಬೇಗ ನಡೆಯಿತು. 2021ರ ಮೇ ತಿಂಗಳಲ್ಲಿ ಲಿಥುವೇನಿಯಾ 17+1ರಿಂದ ಹೊರಬಂತು. ಅದೇ ತಿಂಗಳು ಅದರ ಸಂಸತ್ತು ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಮುಸ್ಲಿಂ ಸಮುದಾಯವಾದ ಉಯ್ಘರರ ಮೇಲೆ ನಡೆಯುತ್ತಿರುವುದು ನರಮೇಧ ಎಂಬ ನಿರ್ಣಯ ಮಾಡಿತು. ಜೂನ್‌ನಲ್ಲಿ ತೈವಾನ್‌ಗೆ 20,000 ಡೋಸ್ ಕೋವಿಡ್ ಲಸಿಕೆ ಕೊಡುವುದಾಗಿ ಹೇಳಿತು.

ಈ ಹೊತ್ತಿಗೆ ಒಕ್ಕೂಟ ಮತ್ತು ಚೀನಾ ನಡುವೆಯೂ ಬಿಸಿ ಏರಿತ್ತು. 2020ರ ಡಿಸೆಂಬರ್ 30ರಂದು ಎರಡೂ ಕಡೆಯವರು ದೊಡ್ಡ ಹೂಡಿಕೆ ಒಪ್ಪಂದಕ್ಕೆ ತಾತ್ವಿಕವಾಗಿ ಒಪ್ಪಿದ್ದರು. 2021ರ ಮಾರ್ಚ್‌ನಲ್ಲಿ ಶಿನ್‌ಜಿಯಾಂಗ್ ವಿಷಯಕ್ಕೆ ಒಕ್ಕೂಟ ನಾಲ್ವರು ಚೀನೀ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಿತು. ಚೀನಾ ಅವತ್ತೇ ತಿರುಗೇಟು ಕೊಟ್ಟು ಹತ್ತು ಮಂದಿ ಮತ್ತು ನಾಲ್ಕು ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. ಐರೋಪ್ಯ ಸಂಸತ್ತಿನ ಸದಸ್ಯರೂ, ಲಿಥುವೇನಿಯಾದ ಒಬ್ಬ ಸಂಸದೆಯೂ ಆ ಪಟ್ಟಿಯಲ್ಲಿದ್ದರು. ಐರೋಪ್ಯ ಸಂಸತ್ತು ಮೇ 20ರಂದು ಹೂಡಿಕೆ ಒಪ್ಪಂದವನ್ನು ಮುಟ್ಟುವುದೇ ಇಲ್ಲ ಎಂದು ಪಕ್ಕಕ್ಕಿಟ್ಟಿತು. ಆ ಒಪ್ಪಂದ ಮತ್ತೆ ಮೇಲೇಳಲಿಲ್ಲ.

ಕಚೇರಿಯ ಬೋರ್ಡು

ತೈವಾನ್ ಜೊತೆ ವ್ಯಾಪಾರ, ಸಂಸ್ಕೃತಿಯ ಸಂಬಂಧ ಇಟ್ಟುಕೊಳ್ಳುವುದು ಯುರೋಪಿಗೆ ಹೊಸದಲ್ಲ. ಹಲವು ರಾಜಧಾನಿಗಳಲ್ಲಿ ತೈವಾನ್‌ನ ಕಚೇರಿಗಳಿವೆ. ಅವು ‘ತೈಪೆ’ ಹೆಸರಿನಲ್ಲಿ ನಡೆಯುತ್ತವೆ. ದೇಶದ ಹೆಸರು ಬರುವುದಿಲ್ಲ, ನಗರದ ಹೆಸರು ಬರುತ್ತದೆ. ಚೀನಾ ಅದನ್ನು ಇಷ್ಟಪಡದಿದ್ದರೂ ಸಹಿಸಿಕೊಂಡಿದೆ. 2021ರ ಜುಲೈ 20ರಂದು ತೈವಾನ್ ವಿಲ್ನಿಯಸ್‌ನಲ್ಲಿ ಕಚೇರಿ ತೆರೆಯುವುದಾಗಿ ಪ್ರಕಟಿಸಿತು. ಬೋರ್ಡಿನ ಮೇಲೆ ತೈವಾನ್ ಹೆಸರೇ ಇರಲಿತ್ತು.

ಲಿಥುವೇನಿಯಾ ಏನೂ ನಿಯಮ ಮೀರಿಲ್ಲ ಎಂದಿತು. ತೈವಾನ್ ಅನ್ನು ಸ್ವತಂತ್ರ ದೇಶ ಎಂದು ನಾವು ಮಾನ್ಯ ಮಾಡಿಲ್ಲ, ಒಂದೇ ಚೀನಾ ನೀತಿಗೆ ಬದ್ಧ, ಇದು ರಾಯಭಾರ ಕಚೇರಿ ಅಲ್ಲ ಎಂಬುದು ಅದರ ವಾದ. ಕಾನೂನಿನ ಕಣ್ಣಿನಲ್ಲಿ ಈ ವಾದ ನಿಲ್ಲುತ್ತದೆ. ಆದರೆ ಇಂಥ ವಿಷಯದಲ್ಲಿ ಚೀನಾ ಕಾನೂನಿನ ಅಂಶವನ್ನು ನೋಡುವುದಿಲ್ಲ, ಮುಂದೆ ಯಾರು ಇದೇ ದಾರಿ ಹಿಡಿಯುತ್ತಾರೆ ಎಂಬುದನ್ನು ನೋಡುತ್ತದೆ. ವಿಲ್ನಿಯಸ್‌ನಲ್ಲಿ ನಡೆದದ್ದು ಬೇರೆ ರಾಜಧಾನಿಗಳಲ್ಲೂ ನಡೆದರೆ ಏನು ಗತಿ ಎಂಬ ಚಿಂತೆ ಬೀಜಿಂಗ್‌ಗೆ ಇತ್ತು. ಹಾಗಾಗಿ ಶಿಕ್ಷೆ ಎಲ್ಲರಿಗೂ ಕಾಣುವಂತಿರಬೇಕಿತ್ತು.

ಆಗಸ್ಟ್ 10ರಂದು ಚೀನಾ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು, ಲಿಥುವೇನಿಯಾದ ರಾಯಭಾರಿಯನ್ನೂ ಕರೆಸಿಕೊಳ್ಳಿ ಎಂದಿತು. ಅದೇ ತಿಂಗಳು ಚೀನಾದಿಂದ ಲಿಥುವೇನಿಯಾಗೆ ಬರುವ ಗೂಡ್ಸ್ ರೈಲುಗಳು ನಿಂತವು. ನವೆಂಬರ್ 18ರಂದು ಕಚೇರಿ ತೆರೆಯಿತು. ಮೂರು ದಿನ ಬಿಟ್ಟು ಚೀನಾ ರಾಜತಾಂತ್ರಿಕ ಸಂಬಂಧವನ್ನು ಕೆಳಗಿಳಿಸಿತು. ರಾಯಭಾರಿ ಮಟ್ಟದಲ್ಲಿದ್ದದ್ದು ಉಸ್ತುವಾರಿ ಅಧಿಕಾರಿಯ ಮಟ್ಟಕ್ಕೆ ಬಂತು. ಡಿಸೆಂಬರ್ 15ರಂದು ಲಿಥುವೇನಿಯಾದ ಉಳಿದ ಸಿಬ್ಬಂದಿ ಮತ್ತು ಅವರ ಕುಟುಂಬದವರು ಬೀಜಿಂಗ್ ಬಿಟ್ಟು ಹೊರಟರು. ರಾಜತಾಂತ್ರಿಕ ಗುರುತಿನ ಚೀಟಿಗಳನ್ನು ವಾಪಸ್ ಕೊಡಿ ಎಂದು ಚೀನಾ ಕೇಳಿದ ಮೇಲೆ ಅಲ್ಲಿ ಉಳಿಯುವುದು ಸುರಕ್ಷಿತ ಅನ್ನಿಸಿರಲಿಲ್ಲ.

ಕಾರಿನ ಬಾಗಿಲೊಳಗಿನ ಬಿಡಿಭಾಗ

ಇಲ್ಲಿವರೆಗಿನದು ಎರಡು ದೇಶಗಳ ನಡುವಿನ ಜಗಳ. ಕಸ್ಟಮ್ಸ್ ತಡೆ ಕೂಡ ಹಾಗೇ ಕಾಣುತ್ತದೆ. ಲಿಥುವೇನಿಯಾದ ಲೇಸರ್ ಕಂಪನಿಗಳಿಗೆ ಚೀನಾ ಒಳ್ಳೆಯ ಗಿರಾಕಿ, ಅವರಿಗೆ ಪೆಟ್ಟು ಬಿತ್ತು. ಮರದವರಿಗೆ, ಪೀಟ್ ಎಂಬ ಜೌಗು ಮಣ್ಣು ರಫ್ತು ಮಾಡುವವರಿಗೆ ಬಿತ್ತು. ಚೀನಾದಿಂದ ಕಚ್ಚಾ ವಸ್ತು ತರಿಸುತ್ತಿದ್ದ ಕಾರ್ಖಾನೆಗಳಿಗೆ ಮಾಲು ಬರುವುದು ತಡವಾಯಿತು. 2022ರ ಫೆಬ್ರವರಿಯಲ್ಲಿ ಗೋಮಾಂಸ, ಹಾಲಿನ ಉತ್ಪನ್ನ, ಬಿಯರ್ ಸರದಿಯೂ ಬಂತು. ಚೀನಾದ ಕಸ್ಟಮ್ಸ್ ಅಂಕಿಅಂಶದ ಪ್ರಕಾರವೇ 2022ರ ಜನವರಿಯಿಂದ ಅಕ್ಟೋಬರ್‌ವರೆಗೆ ಲಿಥುವೇನಿಯಾದಿಂದ ಚೀನಾಕ್ಕೆ ಹೋದ ಸರಕು ಹಿಂದಿನ ವರ್ಷಕ್ಕಿಂತ ಶೇ 80ರಷ್ಟು ಕುಸಿಯಿತು.

ನಷ್ಟವೇನೋ ನಿಜ. ಆದರೆ ನೂರರಲ್ಲಿ ಒಂದು ಪಾಲಿನಲ್ಲಿ ಶೇ 80 ಹೋದರೆ ದೇಶ ಮುಳುಗುವುದಿಲ್ಲ. ಇದು ಬೀಜಿಂಗ್‌ಗೂ ಗೊತ್ತಿತ್ತು. ಅದಕ್ಕೇ ಅದು ಇನ್ನೊಂದು ಬಾಗಿಲು ಹುಡುಕಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಜೀವ ಇಲ್ಲೇ ಇದೆ.

ವಿಲ್ನಿಯಸ್‌ನಿಂದ ಸುಮಾರು ನೂರು ಕಿಲೋಮೀಟರ್ ಪಶ್ಚಿಮಕ್ಕೆ ಕೌನಸ್ ನಗರವಿದೆ. ಆಗ ಅಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪನಿಯ ಕಾರ್ಖಾನೆ ಇತ್ತು. ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಭಾಗಗಳು, ಅಂದರೆ ಬಾಗಿಲು, ಸೀಟು ನಿಯಂತ್ರಿಸುವ ಘಟಕಗಳಂಥವು ಅಲ್ಲಿ ತಯಾರಾಗುತ್ತವೆ. ಅವು ಬೇರೆ ದೇಶಗಳ ಕಾರ್ಖಾನೆಗೆ ಹೋಗಿ ಕಾರಿನೊಳಗೆ ಸೇರುತ್ತವೆ. ಹೀಗೆ ಲಿಥುವೇನಿಯಾದಲ್ಲಿ ಬಿಡಿಭಾಗ ತಯಾರಿಸಿ ಬೇರೆ ಕಡೆ ಜೋಡಿಸುವ ಜರ್ಮನ್ ಕಂಪನಿಗಳು ಇನ್ನೂ ಇವೆ.

2021ರ ಡಿಸೆಂಬರ್‌ನಲ್ಲಿ ಸುದ್ದಿ ಸಂಸ್ಥೆಗಳು ಒಂದು ವಿಷಯ ಹೊರಹಾಕಿದವು. ಲಿಥುವೇನಿಯಾದಲ್ಲಿ ತಯಾರಾದ ಭಾಗಗಳನ್ನು ಬಳಸುವುದನ್ನು ಬಿಡಿ ಎಂದು ಚೀನಾ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಒತ್ತಡ ಹಾಕುತ್ತಿದೆ, ಅವುಗಳಲ್ಲಿ ಕಾಂಟಿನೆಂಟಲ್ ಕೂಡ ಒಂದು ಎಂಬ ಸುದ್ದಿ ಅದು. ಚೀನಾದ ವಿದೇಶಾಂಗ ಇಲಾಖೆ ಇದನ್ನು ಅಲ್ಲಗಳೆಯಿತು. ಚೀನಾದ ಕಂಪನಿಗಳಿಗೆ ಲಿಥುವೇನಿಯಾದ ಮೇಲೆ ವಿಶ್ವಾಸ ಹೋಗಿದೆ ಅಷ್ಟೇ ಎಂಬ ಧಾಟಿಯಲ್ಲಿ ಉತ್ತರ ಬಂತು.

ಇದು ಮಾಮೂಲಿ ವ್ಯಾಪಾರ ನಿರ್ಬಂಧಕ್ಕಿಂತ ಯಾಕೆ ಬೇರೆ ಅಂದರೆ, ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಸರಕಿನ ಮೂಲ ದೇಶವನ್ನು ನಿರ್ಧರಿಸುವ ನಿಯಮಗಳಿವೆ. ಹಲವು ದೇಶಗಳ ಭಾಗ ಸೇರಿ ಒಂದು ವಸ್ತು ಆಗಿದ್ದರೆ, ಅದಕ್ಕೆ ಕೊನೆಯದಾಗಿ ಮುಖ್ಯ ರೂಪ ಕೊಟ್ಟ ದೇಶವೇ ಅದರ ಮೂಲ ದೇಶ. ಜರ್ಮನಿಯಲ್ಲಿ ತಯಾರಾದ ಯಂತ್ರದೊಳಗೆ ಲಿಥುವೇನಿಯಾದ ಒಂದು ಸರ್ಕ್ಯೂಟ್ ಇದ್ದರೆ ಕಾಗದದ ಮೇಲೆ ಆ ಯಂತ್ರ ಜರ್ಮನಿಯದೇ. ಕಸ್ಟಮ್ಸ್ ಅಧಿಕಾರಿಗೆ ಆ ಸರ್ಕ್ಯೂಟ್ ಬಗ್ಗೆ ಕೇಳುವ ಕಾರಣವೇ ಇಲ್ಲ. ಚೀನಾ ಆ ಕಾಗದದ ಕೆಳಗೆ ಕೈ ಹಾಕಿತು. ಮೂಲ ದೇಶ ಯಾವುದು ಎಂದು ಕೇಳುವುದನ್ನು ಬಿಟ್ಟು, ಒಳಗೆ ಯಾರ ಕೆಲಸ ಇದೆ ಎಂದು ಕೇಳಿತು.

ಒಕ್ಕೂಟದ ಏಕ ಮಾರುಕಟ್ಟೆ ನಿಂತಿರುವುದೇ ಈ ಪ್ರಶ್ನೆ ಯಾರೂ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ. ಮೂವತ್ತು ವರ್ಷಗಳಿಂದ ಕಂಪನಿಗಳು ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂದು ಯೋಚಿಸುವಾಗ ಸಂಬಳ, ರಸ್ತೆ, ಕೆಲಸಗಾರರ ನೈಪುಣ್ಯ ನೋಡಿದವು. ಒಕ್ಕೂಟದ ಒಳಗೆ ಗಡಿ ಲೆಕ್ಕಕ್ಕೇ ಬರಲಿಲ್ಲ. ಈಗ ಕೌನಸ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡರೆ ಶಾಂಘೈನ ವ್ಯಾಪಾರ ಹೋಗಬಹುದು ಎಂದಾದರೆ? ಮುಂದಿನ ಕಾರ್ಖಾನೆ ಕಟ್ಟುವಾಗ ಆ ಕಂಪನಿಯ ಆಡಳಿತ ಮಂಡಳಿ ಲಿಥುವೇನಿಯಾದ ಸರ್ಕಾರ ನಾಳೆ ಏನು ಹೇಳಬಹುದು ಎಂಬುದನ್ನೂ ಲೆಕ್ಕ ಹಾಕುತ್ತದೆ. ಹೂಡಿಕೆ ಬೇಕಿರುವ ಸಣ್ಣ ದೇಶಗಳು ಮಾತಾಡುವ ಮೊದಲು ಎರಡು ಸಲ ಯೋಚಿಸುತ್ತವೆ.

2022ರ ಜನವರಿಯಲ್ಲಿ ಜರ್ಮನ್-ಬಾಲ್ಟಿಕ್ ವಾಣಿಜ್ಯ ಮಂಡಳಿ ಲಿಥುವೇನಿಯಾದ ಸಚಿವರಿಗೆ ಪತ್ರ ಬರೆದ ಸುದ್ದಿ ಬಂತು. ಚೀನಾ ಜೊತೆ ಪರಿಹಾರ ಕಂಡುಕೊಳ್ಳದಿದ್ದರೆ ಜರ್ಮನ್ ಹೂಡಿಕೆಯ ಕೆಲವು ಕಾರ್ಖಾನೆಗಳು ಮುಚ್ಚಬೇಕಾಗಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಈ ಪತ್ರ ಚೀನಾದ ರಾಯಭಾರ ಕಚೇರಿಯಿಂದ ಬಂದದ್ದಲ್ಲ, ಒಕ್ಕೂಟದ ಒಳಗಿನವರೇ ಬರೆದದ್ದು. ಜರ್ಮನಿಗೆ 2016ರಿಂದ 2023ರವರೆಗೆ ಚೀನಾವೇ ಅತಿ ದೊಡ್ಡ ವ್ಯಾಪಾರ ಪಾಲುದಾರ ಆಗಿತ್ತು. ಕಂಪನಿಗಳ ಭಯ ಸುಳ್ಳಲ್ಲ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಒತ್ತಡ ಹಾಕುವವರಿಗೆ ಬೇಕಾದದ್ದು ಇದೇ. ಬೀಜಿಂಗ್ ಹೇಳಬೇಕಾದ ಮಾತನ್ನು ವಿಲ್ನಿಯಸ್‌ಗೆ ಜರ್ಮನ್ ಹೂಡಿಕೆದಾರರೇ ಹೇಳಿದರು.

ಮನೆಯೊಳಗೆ ಒಡಕು

2022ರ ಜನವರಿ 4ರಂದು ಲಿಥುವೇನಿಯಾದ ಅಧ್ಯಕ್ಷ ಗಿಟಾನಸ್ ನೌಸೆಡಾ ರೇಡಿಯೊ ಸಂದರ್ಶನದಲ್ಲಿ ಮಾತಾಡಿದರು. ಕಚೇರಿ ತೆರೆದದ್ದು ತಪ್ಪಲ್ಲ, ಅದಕ್ಕಿಟ್ಟ ಹೆಸರು ತಪ್ಪು, ಆ ವಿಷಯದಲ್ಲಿ ನನ್ನ ಜೊತೆ ಚರ್ಚಿಸಿರಲಿಲ್ಲ ಎಂಬುದು ಅವರ ಮಾತಿನ ಸಾರ. ಲಿಥುವೇನಿಯಾದ ಸಂವಿಧಾನದಲ್ಲಿ ವಿದೇಶಾಂಗ ನೀತಿಯ ಮುಖ್ಯ ಪ್ರಶ್ನೆಗಳು ಅಧ್ಯಕ್ಷರ ಕೈಯಲ್ಲಿವೆ, ಅವುಗಳನ್ನು ಸರ್ಕಾರದ ಜೊತೆ ಸೇರಿ ಜಾರಿಗೆ ತರಬೇಕು. ಒತ್ತಡ ಜೋರಾಗಿದ್ದ ಹೊತ್ತಿನಲ್ಲಿ ಆ ಎರಡು ಕಡೆಯವರೂ ಬೇರೆ ಬೇರೆ ಮಾತಾಡಿದ್ದನ್ನು ಬೀಜಿಂಗ್ ಕೇಳಿಸಿಕೊಳ್ಳದೇ ಇರುತ್ತದೆಯೇ? ತಪ್ಪು ಒಪ್ಪಿಕೊಂಡದ್ದು ಸರಿ, ಈಗ ಸರಿಪಡಿಸಿ ಎಂಬ ಧಾಟಿಯ ಉತ್ತರ ಅಲ್ಲಿಂದ ಬಂತು.

ಈ ವಿಷಯದಲ್ಲಿ ನನ್ನ ನಿಲುವು ಇಷ್ಟು. ತನ್ನ ನೆಲದಲ್ಲಿ ಒಂದು ಕಚೇರಿಗೆ ಯಾವ ಹೆಸರು ಒಪ್ಪಬೇಕು ಎನ್ನುವುದು ಲಿಥುವೇನಿಯಾದ ಹಕ್ಕು. ಆ ಹಕ್ಕಿಗಾಗಿ ಒಂದು ದೇಶದ ಇಡೀ ರಫ್ತನ್ನು ಗುಟ್ಟಾಗಿ ನಿಲ್ಲಿಸುವುದು ಅನ್ಯಾಯ. ಆದರೂ ಹೆಜ್ಜೆ ಇಡುವ ಮೊದಲು ಮಾಡಬೇಕಿದ್ದ ಕೆಲಸ ಆಗಿರಲಿಲ್ಲ. ಸ್ವಂತ ಅಧ್ಯಕ್ಷರ ಒಪ್ಪಿಗೆಯೇ ಇಲ್ಲದ ನಿರ್ಧಾರಕ್ಕೆ ಬರ್ಲಿನ್, ಪ್ಯಾರಿಸ್ ಬೆಂಬಲ ನಿಲ್ಲುವುದು ಕಷ್ಟ. ಪೆಟ್ಟು ಒಕ್ಕೂಟದ ಸರಪಳಿಗೆ ಬೀಳುವುದಾದರೆ ಸಿದ್ಧತೆಯೂ ಒಕ್ಕೂಟದ ಮಟ್ಟದಲ್ಲೇ ಆಗಬೇಕಿತ್ತು.

ನೆರವು ಬೇರೆ ಬೇರೆ ಕಡೆಯಿಂದ ಬಂತು. ಚೀನಾಕ್ಕೆ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದಿದ್ದ 20,000ಕ್ಕೂ ಹೆಚ್ಚು ರಮ್ ಬಾಟಲಿಗಳನ್ನು ತೈವಾನ್‌ನ ಸರ್ಕಾರಿ ಮದ್ಯ ಕಂಪನಿ ಕೊಂಡುಕೊಂಡಿತು. 20 ಕೋಟಿ ಡಾಲರ್ ಹೂಡಿಕೆ ನಿಧಿ, 100 ಕೋಟಿ ಡಾಲರ್ ಸಾಲದ ನಿಧಿಯನ್ನು ತೈವಾನ್ ಪ್ರಕಟಿಸಿತು. ಇದಕ್ಕೂ ಮುಂಚೆಯೇ ಅಮೆರಿಕದ ರಫ್ತು ಬ್ಯಾಂಕ್ 60 ಕೋಟಿ ಡಾಲರ್ ರಫ್ತು ಸಾಲದ ಒಪ್ಪಂದಕ್ಕೆ ಸಹಿ ಹಾಕಿತ್ತು. ನಷ್ಟವಾದ ಕಂಪನಿಗಳಿಗೆ ಲಿಥುವೇನಿಯಾ 13 ಕೋಟಿ ಯೂರೊ ನೆರವು ಕೊಡಲು 2022ರ ಏಪ್ರಿಲ್‌ನಲ್ಲಿ ಐರೋಪ್ಯ ಆಯೋಗ ಅನುಮತಿ ಕೊಟ್ಟಿತು. ಘೋಷಿಸಿದ ದುಡ್ಡು ಕೈಗೆ ಬರಲು ಮಾತ್ರ ಕಾಲ ಹಿಡಿಯಿತು. ತೈವಾನ್‌ನಿಂದ ಬಂದ ಹೂಡಿಕೆ ಲಿಥುವೇನಿಯಾದ ಜನ ಕಾದಷ್ಟು ದೊಡ್ಡದಾಗಲಿಲ್ಲ ಎಂಬ ಮಾತು ನಂತರದ ಚುನಾವಣೆಯವರೆಗೂ ಉಳಿಯಿತು.

ಜಿನೀವಾದಲ್ಲಿ ಸಾಕ್ಷಿ ಎಲ್ಲಿ?

ವ್ಯಾಪಾರ ಒಕ್ಕೂಟದ ಜವಾಬ್ದಾರಿ ಆದ್ದರಿಂದ ದೂರು ಕೊಡಬೇಕಾದದ್ದೂ ಒಕ್ಕೂಟವೇ. 2022ರ ಜನವರಿ 27ರಂದು, ವ್ಯಾಪಾರ ಆಯುಕ್ತ ವಾಲ್ಡಿಸ್ ಡೊಂಬ್ರೊವ್‌ಸ್ಕಿಸ್ ಅವರ ಮುಂದಾಳತ್ವದಲ್ಲಿ, ಒಕ್ಕೂಟ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಚೀನಾ ವಿರುದ್ಧ ದಾವೆಯ ಮೊದಲ ಹೆಜ್ಜೆ ಇಟ್ಟಿತು. ಡೊಂಬ್ರೊವ್‌ಸ್ಕಿಸ್ ಪಕ್ಕದ ಲಾಟ್ವಿಯಾದವರು. ದಾವೆಗೆ ಡಿಎಸ್ 610 ಎಂಬ ಸಂಖ್ಯೆ ಬಂತು. ಇದನ್ನು ನಾನು ಒಕ್ಕೂಟದ ನಿಜವಾದ ಸಾಧನೆ ಎಂದೇ ಎಣಿಸುತ್ತೇನೆ. ನೂರಕ್ಕೆ ಒಂದು ಪಾಲಿನ ವ್ಯಾಪಾರಕ್ಕಾಗಿ 27 ದೇಶಗಳು ಚೀನಾ ಎದುರು ನಿಂತವು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್, ಕೆನಡಾ, ತೈವಾನ್ ಮಾತುಕತೆಯಲ್ಲಿ ಸೇರಲು ಮುಂದೆ ಬಂದವು.

ಮಾತುಕತೆಯಿಂದ ಏನೂ ಹೊರಡಲಿಲ್ಲ. 2022ರ ಡಿಸೆಂಬರ್‌ನಲ್ಲಿ ಒಕ್ಕೂಟ ವಿಚಾರಣಾ ಸಮಿತಿ ಕೇಳಿತು, 2023ರ ಜನವರಿಯಲ್ಲಿ ಸಮಿತಿ ರಚಿಸಲು ಒಪ್ಪಿಗೆ ಸಿಕ್ಕಿತು. 2024ರ ಜನವರಿಯಲ್ಲಿ ಒಕ್ಕೂಟವೇ ವಿಚಾರಣೆಯನ್ನು ತಡೆಹಿಡಿಯಿರಿ ಎಂದಿತು. ಕಾರಣ ತಾಂತ್ರಿಕ ಎಂದು ಹೇಳಲಾಯಿತು. ಹನ್ನೆರಡು ತಿಂಗಳು ಕಳೆದರೆ ಸಮಿತಿಯ ಅಧಿಕಾರ ತಾನಾಗಿ ರದ್ದಾಗುತ್ತದೆ ಎಂಬ ನಿಯಮವಿದೆ. 2025ರ ಜನವರಿಯಲ್ಲಿ ಅದೂ ಆಯಿತು. ತೀರ್ಪೇ ಇಲ್ಲದೆ ದಾವೆ ಮುಗಿಯಿತು.

ಹೀಗೇಕಾಯಿತು? ಅಷ್ಟರಲ್ಲಿ ವ್ಯಾಪಾರ ಸ್ವಲ್ಪ ಸ್ವಲ್ಪ ಮರಳತೊಡಗಿತ್ತು, ತುರ್ತು ಕಡಿಮೆಯಾಗಿತ್ತು. ಆದರೆ ನನ್ನ ಅಂದಾಜಿನಲ್ಲಿ ದೊಡ್ಡ ತೊಡಕು ಸಾಕ್ಷಿಯದು. ಯಾರೂ ಸಹಿ ಹಾಕದ ನಿಷೇಧವನ್ನು ನ್ಯಾಯಮಂಡಳಿಯಲ್ಲಿ ತೋರಿಸುವುದು ಹೇಗೆ? ಕಂಪ್ಯೂಟರ್ ಪರದೆಯಲ್ಲಿ ಹೆಸರಿಲ್ಲದ್ದು, ಫೋನಿನಲ್ಲಿ ಬಂದ ಸೂಚನೆ, ಕಾರಣ ಹೇಳದೆ ತಿರಸ್ಕರಿಸಿದ ಅರ್ಜಿ, ಇವೇ ಪುರಾವೆ. ಇವು ಇರುವುದು ಕಂಪನಿಗಳ ಬಳಿ. ಆ ಕಂಪನಿಗಳಿಗೆ ನಾಳೆಯೂ ಚೀನಾದಲ್ಲಿ ವ್ಯಾಪಾರ ಮಾಡಬೇಕಿದೆ. ಹೆಸರು ಹಾಕಿ ಸಾಕ್ಷಿ ಹೇಳುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ಹೋಲಿಕೆಗೆ, ಟೆಲಿಕಾಂ ಪೇಟೆಂಟ್ ಬಗ್ಗೆ ಒಕ್ಕೂಟ ಚೀನಾ ಮೇಲೆ ಹಾಕಿದ್ದ ಇನ್ನೊಂದು ದಾವೆ ಹೆಚ್ಚುಕಡಿಮೆ ಇದೇ ಕಾಲದ್ದು. ಅಲ್ಲಿ ಚೀನಾದ ನ್ಯಾಯಾಲಯಗಳ ಆದೇಶಗಳು ಕಾಗದದ ಮೇಲಿದ್ದವು. ಆ ದಾವೆ ಕೊನೆಯವರೆಗೂ ನಡೆಯಿತು. ಲಿಥುವೇನಿಯಾದ್ದು ನಡುದಾರಿಯಲ್ಲಿ ನಿಂತಿತು.

ತಡವಾಗಿ ಬಂದ ಕಾನೂನು

2021ರ ಡಿಸೆಂಬರ್ 8ರಂದು, ಅಂದರೆ ಕಸ್ಟಮ್ಸ್ ಸುದ್ದಿ ಬಂದ ಅದೇ ದಿನಗಳಲ್ಲಿ, ಐರೋಪ್ಯ ಆಯೋಗ ಆರ್ಥಿಕ ಬಲವಂತ ತಡೆಯುವ ಕಾನೂನಿನ ಕರಡು ಮುಂದಿಟ್ಟಿತು. ಕರಡಿನ ಕೆಲಸ ಮುಂಚೆಯೇ ಶುರುವಾಗಿತ್ತು, ಆಗ ತಲೆಯಲ್ಲಿದ್ದದ್ದು ಮುಖ್ಯವಾಗಿ ಅಮೆರಿಕದ ಟ್ರಂಪ್ ಸರ್ಕಾರದ ಸುಂಕದ ಬೆದರಿಕೆ. ಲಿಥುವೇನಿಯಾದ ಪ್ರಕರಣ ಅದಕ್ಕೆ ಜೀವ ತುಂಬಿತು. 2023ರ ಡಿಸೆಂಬರ್ 27ರಂದು ಕಾನೂನು ಜಾರಿಗೆ ಬಂತು.

ಒಕ್ಕೂಟದ ಅಥವಾ ಅದರ ಒಂದು ಸದಸ್ಯ ದೇಶದ ನಿರ್ಧಾರವನ್ನು ಬದಲಿಸಲು ಹೊರಗಿನ ದೇಶವೊಂದು ವ್ಯಾಪಾರ ಅಥವಾ ಹೂಡಿಕೆಯನ್ನು ಆಯುಧ ಮಾಡಿಕೊಂಡರೆ, ಬೆದರಿಸಿದರೂ ಸರಿ, ಅದು ಆರ್ಥಿಕ ಬಲವಂತ ಎನಿಸುತ್ತದೆ. ಆಯೋಗ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಪರಿಶೀಲಿಸುತ್ತದೆ. ಬಲವಂತ ಹೌದೋ ಅಲ್ಲವೋ ಎಂದು ಸದಸ್ಯ ದೇಶಗಳ ಮಂಡಳಿ ವಿಶೇಷ ಬಹುಮತದಿಂದ ತೀರ್ಮಾನಿಸುತ್ತದೆ. ಆ ಬಹುಮತ ಅಂದರೆ 27ರಲ್ಲಿ ಕನಿಷ್ಠ 15 ದೇಶ, ಒಕ್ಕೂಟದ ಜನಸಂಖ್ಯೆಯ ಶೇ 65. ಮೊದಲು ಮಾತುಕತೆ. ಅದು ಫಲಿಸದಿದ್ದರೆ ಸುಂಕ, ಆಮದು ರಫ್ತು ನಿರ್ಬಂಧ, ಸರ್ಕಾರಿ ಟೆಂಡರ್‌ಗಳಿಂದ ಹೊರಗಿಡುವುದು, ಹೂಡಿಕೆಗೆ ತಡೆ.

ಇದರಲ್ಲಿ ದೊಡ್ಡ ಬದಲಾವಣೆ ಎಂದರೆ ಒಂದೇ ದೇಶ ತಡೆಯುವ ಅವಕಾಶ ಹೋಯಿತು. ಗ್ರೀಸ್, ಹಂಗೇರಿ ಹಿಂದೆ ಮಾಡಿದಂತೆ ಒಬ್ಬರೇ ಕೈ ಅಡ್ಡ ಹಾಕುವಂತಿಲ್ಲ. ಬಲವಂತವನ್ನು ವ್ಯಾಪಾರದ ವಿಷಯ ಎಂದು ಪರಿಗಣಿಸಿದ್ದರಿಂದ ಇದು ಸಾಧ್ಯವಾಯಿತು. ಇದನ್ನು ಯೋಚಿಸಿದವರ ಜಾಣತನಕ್ಕೆ ಮೆಚ್ಚಬೇಕು.

ಕೊರತೆಯೂ ಇದೆ. ನಾಲ್ಕು ತಿಂಗಳ ಪರಿಶೀಲನೆ, ಆಮೇಲೆ ಮಂಡಳಿಗೆ ಎರಡು ತಿಂಗಳ ಹತ್ತಿರ, ಆಮೇಲೆ ಮಾತುಕತೆ. ಸಣ್ಣ ರಫ್ತುದಾರರಿಗೆ ಅಷ್ಟು ಕಾಲ ಕಾಯುವ ಶಕ್ತಿ ಇರುವುದಿಲ್ಲ. ಸಾಕ್ಷಿಯ ಪ್ರಶ್ನೆ ಇಲ್ಲೂ ಹೋಗಿಲ್ಲ. ಗುಟ್ಟಾಗಿ ಮಾಹಿತಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಕಂಪನಿ ಬಾಯಿ ಬಿಡಬೇಕಲ್ಲ. ಇನ್ನು ವಿಶೇಷ ಬಹುಮತದ ಲೆಕ್ಕದಲ್ಲಿ ದೊಡ್ಡ ದೇಶಗಳ ತೂಕ ಜಾಸ್ತಿ. ಚೀನಾದಲ್ಲಿ ಅತಿ ಹೆಚ್ಚು ವ್ಯಾಪಾರ ಇರುವುದೂ ಅವುಗಳಿಗೇ. 2025ರ ಕೊನೆಯವರೆಗೆ ಈ ಕಾನೂನನ್ನು ಯಾರ ಮೇಲೂ ಒಮ್ಮೆಯೂ ಪ್ರಯೋಗಿಸಲಿಲ್ಲ. 2025ರಲ್ಲಿ ಚೀನಾ ಅಪರೂಪದ ಖನಿಜಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿನ ಕಾರು ಕಾರ್ಖಾನೆಗಳು ಪರದಾಡಿದಾಗಲೂ ಇಲ್ಲ.

ಈಗ ಎಲ್ಲಿಗೆ ಬಂದಿದೆ

2022ರ ಆಗಸ್ಟ್‌ನಲ್ಲಿ ಎಸ್ಟೋನಿಯಾ, ಲಾಟ್ವಿಯಾ ಕೂಡ 17+1 ಬಿಟ್ಟವು. ಅದೇ ವರ್ಷದ ಕೊನೆಗೆ ಲಿಥುವೇನಿಯಾ ತೈಪೆಯಲ್ಲಿ ತನ್ನ ವ್ಯಾಪಾರ ಕಚೇರಿ ತೆರೆಯಿತು. ಆದರೆ ವಿಲ್ನಿಯಸ್ ಇಟ್ಟಂಥ ಹೆಸರನ್ನು ಒಕ್ಕೂಟದ ಬೇರೆ ಯಾವ ದೇಶವೂ ಇಡಲಿಲ್ಲ. ಬೀಜಿಂಗ್‌ಗೆ ಬೇಕಾಗಿದ್ದ ಫಲ ಅದೇ ಆಗಿದ್ದರೆ ಅದು ಸಿಕ್ಕಿತು ಎನ್ನಬೇಕು.

2024ರ ಅಕ್ಟೋಬರ್ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟರು ಗೆದ್ದರು. ಚೀನಾ ಜೊತೆ ಮತ್ತೆ ರಾಯಭಾರಿ ಮಟ್ಟದ ಸಂಬಂಧ ಬೇಕು ಎಂದು ಅವರು ಹೇಳಿದರು. ಹೊಸ ಸರ್ಕಾರ ಬರುವ ಮೊದಲೇ, ನವೆಂಬರ್ ಕೊನೆಯಲ್ಲಿ, ಹಳೆಯ ಸರ್ಕಾರ ಚೀನಾ ಕಚೇರಿಯ ಮೂವರು ಸಿಬ್ಬಂದಿಯನ್ನು ದೇಶ ಬಿಟ್ಟು ಹೋಗಲು ಹೇಳಿತು. 2025 ಮುಗಿದರೂ ರಾಯಭಾರಿ ಮರಳಲಿಲ್ಲ, ಬೋರ್ಡೂ ಬದಲಾಗಲಿಲ್ಲ.

2025ರ ಜುಲೈನಲ್ಲಿ ರಷ್ಯಾ ಮೇಲಿನ 18ನೇ ಸುತ್ತಿನ ನಿರ್ಬಂಧದಲ್ಲಿ ಒಕ್ಕೂಟ ಚೀನಾದ ಎರಡು ಸಣ್ಣ ಬ್ಯಾಂಕ್‌ಗಳನ್ನು ಸೇರಿಸಿತು. ಆ ನಿರ್ಧಾರಕ್ಕೆ 27 ದೇಶಗಳೂ ಒಪ್ಪಿದ್ದವು. ಆಗಸ್ಟ್‌ನಲ್ಲಿ ಚೀನಾದ ವಾಣಿಜ್ಯ ಇಲಾಖೆ ಪ್ರತಿಕ್ರಮ ಪ್ರಕಟಿಸಿತು. ಈ ಸಲ ಅದು ಬಹಿರಂಗವಾಗಿಯೇ, ಕಾಗದದ ಮೇಲೇ ಬಂತು. ಚೀನಾದವರು ವ್ಯವಹಾರ ಇಟ್ಟುಕೊಳ್ಳಬಾರದು ಎಂದು ಒಕ್ಕೂಟದ ಎರಡು ಬ್ಯಾಂಕ್‌ಗಳನ್ನು ಅದು ಹೆಸರಿಸಿತು. ಒಂದು ಉರ್ಬೊ, ಇನ್ನೊಂದು ಮಾನೊ. ಎರಡೂ ಲಿಥುವೇನಿಯಾದವು.